ಅಪ್‌ಡೇಟ್: ಬೆಂಗಳೂರಿನ ಗ್ಯಾಲರಿಗಳಿಗೆ ಪೇಂಟಿಂಗ್ ತೋರಿಸುವುದು ಹೇಗೆ ಅಂತ ಕೇಳಿದ್ದೆನಲ್ಲ

ಒಂದು ಗ್ಯಾಲರಿ ಗುಂಪು ಪ್ರದರ್ಶನಕ್ಕೆ ನನ್ನ ಎರಡು ಕ್ಯಾನ್ವಾಸ್ ತೆಗೆದುಕೊಂಡಿದೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಫಲ ಕೊಟ್ಟದ್ದು "ಮೊದಲು ಅವರ ಹಿಂದಿನ ಶೋಗಳನ್ನು ನೋಡಿ, ನಿಮ್ಮ ಶೈಲಿಗೆ ಹೊಂದುವವರಿಗೆ ಮಾತ್ರ ಬರೆಯಿರಿ" ಎಂಬ ಸಲಹೆ. ಒಂದೇ ಸರಣಿಯ 10–12 ಚಿತ್ರಗಳ ಪಿಡಿಎಫ್ ಸಾಕು, 5 ಎಂಬಿ ದಾಟದಿರಲಿ. ಪ್ರತಿ ಚಿತ್ರದಡಿ ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ ಇರಲಿ. ಬೆಲೆಪಟ್ಟಿ ಬೇರೆಯೇ ಇಟ್ಟುಕೊಂಡು ಕೇಳಿದಾಗ ಕೊಡಿ. ಫೋಟೋವನ್ನು ವಾರ್ನಿಶ್ ಹಚ್ಚುವ ಮೊದಲೇ, ಬಿಸಿಲು ನೇರ ಬೀಳದ ಕಡೆ ತೆಗೆಯಿರಿ. ವಾರ್ನಿಶ್ ಹೊಳಪು ಬಿದ್ದರೆ ಗಾಢ ಬಣ್ಣಗಳು ಬಿಳಿಚಿಕೊಂಡು ಕಾಣುತ್ತವೆ.

ಕ್ಯಾನ್ವಾಸ್ ಹೊತ್ತುಕೊಂಡು ನೇರ ಹೋಗುವುದು ನಡೆಯಲಿಲ್ಲ. ಶೋ ಜೋಡಿಸುವ ಗಡಿಬಿಡಿಯಲ್ಲಿ ಯಾರು ನೋಡುತ್ತಾರೆ? ಎಲ್ಲರಿಗೂ ಒಂದೇ ಮೇಲ್ ಕಳಿಸುವುದೂ ದಂಡ. ಚಿತ್ರಕಲಾ ಪರಿಷತ್ತಿನಲ್ಲಿ ಹಾಲ್ ಬಾಡಿಗೆ ಹಿಡಿಯಿರಿ ಎಂದವರ ಮಾತು ತಪ್ಪಲ್ಲ, ಆದರೆ ಅಲ್ಲಿ ಪ್ರಚಾರ, ಮಾರಾಟ ಎಲ್ಲ ನಮ್ಮ ತಲೆಗೇ.

ಗೊತ್ತಿಲ್ಲದೇ ಇದ್ದದ್ದು ಬೆಲೆಯ ವಿಷಯ. ಚಿತ್ರ ಮಾರಾಟವಾದರೆ ಗ್ಯಾಲರಿಯವರ ಕಮಿಷನ್ ಸಾಮಾನ್ಯವಾಗಿ 30ರಿಂದ 50 ಶೇಕಡಾ. 40,000 ರೂಪಾಯಿ ಚಿತ್ರಕ್ಕೆ ಅರ್ಧ ಹೋದರೆ ಉಳಿದ 20,000ದಲ್ಲೇ ಫ್ರೇಮು, ಸಾಗಣೆ. ಹಾಗಂತ ಜನವರಿಯ ಚಿತ್ರಸಂತೆಯಲ್ಲಿ (ಕಲಾವಿದರೇ ರಸ್ತೆಬದಿ ಚಿತ್ರ ಮಾರುವ ಮೇಳ) ಅದೇ ಅಳತೆಯ ಚಿತ್ರವನ್ನು ಅಗ್ಗಕ್ಕೆ ಮಾರಿದರೆ ಗ್ಯಾಲರಿಯವರ ಜತೆ ಸಂಬಂಧ ಕೆಟ್ಟಂತೆಯೇ. ಎಲ್ಲ ಕಡೆ ಒಂದೇ ದರ ಇಡಿ.

ಚಿತ್ರ ಒಪ್ಪಿಸುವಾಗ ಸಹಿ ಮಾಡಿದ ಪಟ್ಟಿ ಪಡೆಯಿರಿ: ಹಣ ಎಷ್ಟು ದಿನಕ್ಕೆ, ಮಾರಾಟವಾಗದ ಚಿತ್ರ ಯಾವಾಗ ವಾಪಸ್, ಸಾಗಣೆಯಲ್ಲಿ ಹರಿದರೆ ಯಾರ ಜವಾಬ್ದಾರಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.