ಚಳಿಗಾಲದಲ್ಲಿ ವಿಜಯಪುರದಲ್ಲಿ ಏನೇನು ಮಾಡ್ಬಹುದು? ಅಲ್ಲಿಯವರು ಸ್ವಲ್ಪ ಹೇಳಿ

ಮೈಸೂರಿಂದ ಬಂದವಳು:
ಎಲ್ರಿಗೂ ನಮಸ್ಕಾರ. ನಾವು ಮೈಸೂರಿನವರು, ಯಜಮಾನ್ರಿಗೆ ಜುಲೈನಲ್ಲಿ ವಿಜಯಪುರಕ್ಕೆ ಟ್ರಾನ್ಸ್‌ಫರ್ ಆಯ್ತು. ಹೊರಡುವಾಗ ಎಲ್ರೂ ಬಿಸಿಲು ಬಿಸಿಲು ಅಂತ ಹೆದರಿಸಿದ್ರು, ಈಗ ನೋಡಿದ್ರೆ ನವೆಂಬರ್ ಕೊನೆಗೇ ಬೆಳಿಗ್ಗೆ ನಲ್ಲಿ ನೀರು ಮುಟ್ಟಕ್ಕಾಗ್ತಿಲ್ಲ. ಡಿಸೆಂಬರ್ ಜನವರಿಯಲ್ಲಿ ರಜೆ ದಿನಗಳಲ್ಲಿ ಎಲ್ಲಾದ್ರೂ ಓಡಾಡೋಣ ಅಂತಿದೀವಿ, ಆದ್ರೆ ಅಕ್ಕಪಕ್ಕದವ್ರನ್ನ ಕೇಳಿದ್ರೆ "ಗುಮ್ಮಟ ಬಿಟ್ರ ಏನೈತ್ರೀ ಇಲ್ಲಿ" ಅಂತ ನಗ್ತಾರೆ. ಮಗನಿಗೆ 9 ವರ್ಷ, ಜೊತೆಗೆ ಅತ್ತೆ ಇದಾರೆ, ಅವ್ರಿಗೆ ಮಂಡಿ ನೋವು, ಮೆಟ್ಟಿಲು ಆಗಲ್ಲ. ಕಾರಿಲ್ಲ, ಒಂದು ಸ್ಕೂಟರ್ ಇದೆ ಅಷ್ಟೇ. ನೀವೆಲ್ಲ ಚಳಿಗಾಲದಲ್ಲಿ ಏನ್ಮಾಡ್ತೀರಾ ಹೇಳಿ, ಟೂರಿಸ್ಟ್ ಲಿಸ್ಟ್ ಬೇಡ, ನೀವೇ ಮಾಡಿದ್ದು ಹೇಳಿ.

ಸ್ಟೇಷನ್ ರೋಡ್ ಹುಡುಗ:
ಅಕ್ಕಾರ ನಮಸ್ಕಾರ್ರಿ. ಏನೂ ಇಲ್ಲ ಅನ್ನಾವ್ರ ಮಾತು ಕಿವಿಮ್ಯಾಲ ಹಾಕ್ಕೋಬ್ಯಾಡ್ರಿ, ನಾವು ಇಲ್ಲೇ ಹುಟ್ಟಿದವ್ರು ಗುಮ್ಮಟಕ್ಕ ಹೋಗೂದು ಬೀಗರು ಬಂದಾಗ ಅಷ್ಟ, ಅದಕ್ಕ ಹಂಗ ಅಂತೀವಿ. ಗೋಳಗುಮ್ಮಟ ನೋಡೇ ನೋಡ್ತೀರಿ, ಅದ್ರ ಹತ್ತು ಹನ್ನೊಂದಕ್ಕ ಮಾತ್ರ ಹೋಗಬ್ಯಾಡ್ರಿ. ಡಿಸೆಂಬರ್ ಅಂದ್ರ ಸಾಲಿ ಟ್ರಿಪ್ ಸೀಜನ್, ಎಲ್ಲೆಲ್ಲಿಂದೋ ಬಸ್ಸು ಬಂದು ನಿಂತಿರ್ತಾವ, ಮ್ಯಾಲ ಗ್ಯಾಲರಿಯೊಳಗ ನೂರು ಹುಡುಗ್ರು ಒಮ್ಮೆಲೆ ಸೀಟಿ ಹೊಡದು ಚೀರಿದ್ರ ನಿಮಗ ಕೇಳಸೂದು ಏನು, ಬರೇ ಗದ್ದಲ. ಹ್ವಾದ ವರ್ಷ ಬೆಂಗಳೂರಿಂದ ಬಂದ ಬೀಗರನ್ನ ಆರಾಮ ನಾಷ್ಟಾ ಮಾಡಸ್ಕೊಂಡು ಹನ್ನೊಂದಕ್ಕ ಕರ್ಕೊಂಡ್ ಹೋಗಿ ಮಾನ ಕಳಕೊಂಡೀನಿ, "ಇದೇನ್ರೀ ಸಂತಿ" ಅಂದ್ಬಿಟ್ರು.

ಹೊತ್ತು ಹುಟ್ಟೂ ಟೈಮಿಗೆ ಗೇಟ್ ತಗೀತಾರ, ಏಳರೊಳಗ ಒಳಗ ಇರ್ರಿ. ಟಿಕೆಟ್ ಒಬ್ರಿಗಿ 25 ರೂಪಾಯಿ, ನಿಮ್ಮ ಮಗನಿಗಿ ಇಲ್ಲ, 15 ವರ್ಷದೊಳಗಿನವ್ರಿಗೆ ಫ್ರೀ. ಮೂಲಿ ಮಿನಾರದೊಳಗ ಏಳು ಅಂತಸ್ತು ಹತ್ತಬೇಕು, ಮೆಟ್ಲ ಸಣ್ಣು, ಕಡಿದು, ಒಂದೊಂದು ಕಡೆ ಕತ್ತಲ, ನಡುನಡುವ ಕಿಡಕ್ಯಾಗ ನಿಂತು ಉಸಿರ ತಗೋರಿ. ಮ್ಯಾಲ ಹೋದಮ್ಯಾಲ ಮಗನ್ನ ಆ ಕಡೆ ಗ್ವಾಡಿಗಿ ನಿಂದರಸ್ರಿ, ನೀವು ಈ ಕಡೆ ನಿಂದರ್ರಿ, ಗ್ವಾಡಿಗಿ ಮಾರಿ ಹಚ್ಚಿ ಸಣ್ಣಗ ಮಾತಾಡ್ರಿ. ನಡುವ 35 ಮೀಟರಿಗಿಂತ ಹೆಚ್ಚು ಖಾಲಿ ಜಾಗ ಐತಿ, ಆದ್ರೂ ಕಿವ್ಯಾಗ ಹೇಳಿದಂಗ ಕೇಳಸ್ತೈತಿ. ಒಂದು ಕಾಗದ ಹರದು ನೋಡ್ರಿ, ಆ ಪರ್‍ ಅನ್ನೂ ಸಪ್ಪಳ ಸೈತ ಸುತ್ತು ಹೊಡದು ಬರ್ತೈತಿ. ಗುಮ್ಮಟದ ಹೊರಗಿನ ಅಡ್ಡಳತಿ 44 ಮೀಟರ್, ಒಳಗ ಒಂದು ಕಂಬ ಇಲ್ಲ, ಕಮಾನು ಒಂದರೊಳಗೊಂದು ಹೆಣಕೊಂಡು ಅಷ್ಟೂ ಭಾರ ಹೊತ್ತಾವ, 1656ರಾಗ ಮುಗಿಸ್ಯಾರ ಅಂದ್ರ ವಿಚಾರ ಮಾಡ್ರಿ. ಇಳಿಯೂಕಿಂತ ಮೊದ್ಲ ಹೊರಗ ಮಾಳಿಗಿಮ್ಯಾಲ ಬರ್ರಿ, ಚಳಿಗಾಲದಾಗ ಅಷ್ಟೊತ್ತಿಗಿ ಊರಮ್ಯಾಲ ಮಂಜು ಕುಂತಿರ್ತೈತಿ, ಬರೇ ಮಿನಾರು, ಗಿಡದ ತುದಿ ಕಾಣ್ತಾವ. ಅದೊಂದು ಬ್ಯಾಸಗ್ಯಾಗ ಸಿಗಂಗಿಲ್ಲ.

ಇಳದಿಂದ ಸ್ಟೇಷನ್ ಕಡೆ ಬಂದು ಚಾ, ಸುಸಲಾ (ಚುರುಮುರಿ ಒಗ್ಗರಣಿ), ಮಿರ್ಚಿ. ಇದಕ್ಕ ಅಡ್ರೆಸ್ ಬ್ಯಾಡ್ರಿ, ಎಲ್ಲಿ ಜನ ನಿಂತಿರ್ತಾರ ಅಲ್ಲಿ ನಿಂದರ್ರಿ.

ಚಾಲುಕ್ಯರ ಮೊಮ್ಮಗ:
ಅತ್ತ್ಯಾರು ಮೆಟ್ಲ ಹತ್ತೂದಿಲ್ಲ ಅಂದ್ರಲ್ಲ, ಅವ್ರನ್ನ ಮನ್ಯಾಗ ಬಿಟ್ಟು ಹೋಗಬ್ಯಾಡ್ರಿ ಮತ್ತ. ಗುಮ್ಮಟದ ಮುಂದ ನಗಾರಖಾನೆ ಅದ ನೋಡ್ರಿ, ಅದ ಮ್ಯೂಜಿಯಂ, 1892ರಾಗ ಸುರು ಆದದ್ದು, ಶಾಸನ, ಹಳೇ ಶಿಲ್ಪ, ಆದಿಲ್‌ಶಾಹಿ ಕಾಲದ ಚಿತ್ರ, ಗಾಲೀಚ, ಚೀನಿ ಪಿಂಗಾಣಿ ಎಲ್ಲ ಅವ. ಶುಕ್ರವಾರ ಬಂದ್ ಇರ್ತದ, ಅದನ್ನ ಮರತು ನಾನ ಎರಡು ಸರ್ತಿ ಬಾಗಲಾ ನೋಡಿ ಬಂದೀನಿ. ಲಾನಿನ್ಯಾಗ ಎಳಿ ಬಿಸಲಿಗೆ ಕುಂದ್ರಿಸಿದ್ರೂ ಸಾಕು, ವಯಸ್ಸಾದವ್ರಿಗೆ ಅದ ಬೇಕಾಗಿರ್ತದ.

ಮ್ಯಾಲ ಇಬ್ರಾಹಿಂ ರೋಜಾಕ್ಕ ಸಂಜಿಮುಂದ ಕರ್ಕೊಂಡ್ ಹೋಗ್ರಿ, ಅಲ್ಲಿ ಹತ್ತೂದು ಭಾಳ ಇಲ್ಲ, ಕೈ ಹಿಡದ್ರ ಆಗ್ತದ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಗೋರಿ, ಮಲಿಕ್ ಸಂದಲ್ ಅನ್ನಾವ ಕಟ್ಟಿಸಿದ್ದು. ನನ್ನ ಕೇಳಿದ್ರ ಗುಮ್ಮಟಕಿಂತ ಇದ ಚಂದ. ಗುಮ್ಮಟ ದೊಡ್ಡದು, ಇದು ನಾಜೂಕು. ಕಿಡಕಿ ಜಾಳಗಿ ನೋಡ್ರಿ, ಡಿಸೈನ್ ಅಂತ ತಿಳಕೋತೀರಿ, ಹತ್ರ ಹೋದ್ರ ಕಲ್ಲಿನ್ಯಾಗ ಅಕ್ಷರ ಕೊರದು ಅದನ್ನ ಜಾಳಗಿ ಮಾಡ್ಯಾರ. ಚಳಿಗಾಲದಾಗ ಹೊತ್ತು ಲಗೂನ ಇಳೀತದ, ಐದಕ್ಕ ಹೋದ್ರ ಆ ಕಲ್ಲು ಜೇನಿನ ಬಣ್ಣ ಆಗ್ತದ. ತಾಜಮಹಲಿಗೆ ಇದ ಮಾದರಿ ಅಂತ ಗೈಡ್ ಮಂದಿ ಹೇಳ್ತಾರ, ಅವ್ರು ಹೇಳ್ಲಿ ಬಿಡ್ರಿ, ನಿಮ್ಮ ಕಣ್ಣಿಗಿ ಬಿದ್ದದ್ದು ಸಾಕು.

ಹುಡುಗಗ ಮಲಿಕ್-ಎ-ಮೈದಾನ್ ತೋಪು. 55 ಟನ್ ಭಾರ, ಅಹಮದನಗರದಾಗ 1549ಕ್ಕ ಎರಕ ಹೊಯ್ದದ್ದು, ಬಾಯಿ ಸಿಂಹದ ಮಾರಿ, ಹಲ್ಲಿನ ಸಂದ್ಯಾಗ ಆನಿ ಸಿಕ್ಕೊಂಡದ. ಅಲ್ಲಿಂದ ಉಪ್ಪಲಿ ಬುರುಜು ಹತ್ರನ, ಹೊರಗಿಂದ ಸುತ್ತಿ ಸುತ್ತಿ ಹತ್ತೂ ಮೆಟ್ಲ, ಗಾಳಿ ಕೊಯ್ತದ, ಕಿವಿಗಿ ಏನರ ಕಟ್ಕೊಂಡು ಹೋಗ್ರಿ.

ಕೌದಿ ಅಜ್ಜಿ:
ಎಲ್ಲಾರೂ ಗುಮ್ಮಟ ಬುರುಜು ಅಂದ್ರಿ. ನಾ ಬ್ಯಾರೆ ಹೇಳ್ತೀನಿ ತಂಗಿ. ಮಾರಿಗಿ, ತುಟಿಗಿ ವ್ಯಾಸಲಿನ್ ಹಚಗೊ, ಇಲ್ಲಿ ಚಳಿ ಒಣ ಚಳಿ, ನಿಮ್ಮ ಮೈಸೂರಿನಂಗಲ್ಲ, ಹಿಮ್ಮಡ ಒಡದು ನಡ್ಯಾಕ ಬರಂಗಿಲ್ಲ. ಸ್ವೆಟರ್ ಹಾಕ್ಕೊಂಡು ಹೋದವ್ರು ಹತ್ತಕ್ಕ ಅದನ್ನ ಸೊಂಟಕ್ಕ ಕಟ್ಕೋತಾರ. ಕೆಲವೊಂದ್ ವರ್ಷ ರಾತ್ರಿ 10 ಡಿಗ್ರಿ ಕೆಳಗ ಇಳೀತೈತಿ, ಮಧ್ಯಾನ ಬಿಸಲಿಗಿ ತಲಿ ಸುಡ್ತೈತಿ. ರಗ್ಗಿಗೆ ರೊಕ್ಕಾ ಹಾಕಬ್ಯಾಡ, ಯಾರಿಗರ ಹಳೇ ಸೀರಿ ಕೊಟ್ಟು ಒಂದು ಕೌದಿ ಹೊಲಿಸಿಕೊ.

ತಿಕೋಟಾ ಸೊಸಿ:
ಅಜ್ಜಿ ಖರೇ ಹೇಳ್ಯಾರ ನೋಡ್ರಿ. ಅಕ್ಕಾ, ಊರಾಗಿಂದು ಹನ್ನೆರಡು ತಿಂಗಳೂ ಇರ್ತೈತ್ರಿ, ಚಳಿಗಾಲದ್ದು ಅಂತ ಇರೂದು ಹೊಲದಾಗ. ನಿಮಗ ಯಾರರ ಹೊಲ ಇದ್ದ ಮಂದಿ ಗುರ್ತು ಅದಾರೇನ್ರಿ? ಸಾಹೇಬ್ರ ಆಫೀಸಿನ್ಯಾಗ ಕೇಳ್ರಿ, ಪಕ್ಕಾ ಇರ್ತಾರ, ಅವ್ರು ಕರೀಲಿ ಅಂತ ಕಾಯಬ್ಯಾಡ್ರಿ, ನೀವ ಬಾಯಿಬಿಟ್ಟು ಕೇಳ್ರಿ, ನಮ್ಮ ಕಡೆ ಹೊಲಕ್ಕ ಬರ್ತೀವಿ ಅಂದ್ರ ಯಾರೂ ಇಲ್ಲ ಅನ್ನಂಗಿಲ್ಲ, ಖುಷಿ ಪಡ್ತಾರ.

ಡಿಸೆಂಬರ್ ಜನವರಿ ನಡುವ ಎಳ್ಳ ಅಮಾಸಿ ಬರ್ತೈತ್ರಿ. ಹಿಂಗಾರಿ ಜ್ವಾಳ, ಕಡ್ಲಿ ಎದಿಮಟ ಮೊಳಕಾಲಮಟ ನಿಂತಿರ್ತಾವ, ಭೂಮಿತಾಯಿ ಬಸರಿ ಅಂತ ಆಕಿಗಿ ಬಯಕಿ ಊಟ ಒಯ್ಯೂ ಹಬ್ಬ. ಹಿಂದಿನ ದಿನಾನ ನಮ್ಮತ್ತಿ ಸುರು ಮಾಡ್ತಾರ, ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಎಳ್ಳ ಹೋಳಿಗಿ, ಕಡಬು, ಪುಂಡಿಪಲ್ಯ, ಮ್ಯಾಲ ಭಜ್ಜಿ. ಭಜ್ಜಿ ಅಂದ್ರ ಎಣ್ಣ್ಯಾಗ ಕರದದ್ದು ಅಂತ ತಿಳಕೋಬ್ಯಾಡ್ರಿ, ಆ ದಿವಸಕ್ಕ ಸಿಕ್ಕ ಹಸರು ತಪ್ಪಲ, ಹಸಿ ಕಾಳು ಎಲ್ಲ ಕೂಡಿಸಿ ಕುದಿಸಿದ ಪಲ್ಯ. ಮೊದ್ಲ ಕೊಲ್ಲಾರಿ ಬಂಡಿ ಇತ್ತು, ಈಗ ಟ್ರ್ಯಾಕ್ಟರ್, ಬುಟ್ಟಿ ಸೀರ್‍ಯಾಗ ಕಟ್ಕೊಂಡು ಹೋಗೂದು. ಬನ್ನಿ ಗಿಡದ ಬುಡಕ ಐದು ಕಲ್ಲಿಗಿ ಸುಣ್ಣ ಬಳದು ಪಾಂಡವ್ರು ಅಂತ ಪೂಜಿ ಮಾಡಿ, ಒಬ್ರು ಮುಂದ ಚರಗ, ಅಂದ್ರ ನೈವೇದ್ಯದ ಅಡಗಿ, ಹೊಲದಾಗ ಚೆಲ್ಲಕೋತ "ಹುಲ್ಲುಲ್ಲಿಗೋ" ಅಂತ ಕೂಗ್ತಾರ, ಹಿಂದಿನವ್ರು ನೀರು ಹಾಕ್ಕೋತ "ಚಲಾಂಬ್ರಿಗೋ" ಅಂತಾರ, ಊರಿಂದೂರಿಗೆ ಈ ಮಾತು ಚೂರು ಚೂರು ಬ್ಯಾರೆ ಐತಿ, ಅರ್ಥ ಕೇಳಬ್ಯಾಡ್ರಿ ಒಬ್ಬೊಬ್ರು ಒಂದೊಂದು ಹೇಳ್ತಾರ. ಹುಡುಗ್ರಿಗೆ ಗಂಟಲು ಬೀಳೂಮಟ ಕೂಗೂ ಪರವಾನಿಗಿ, ನಿಮ್ಮ ಮಗಗ ಗುಮ್ಮಟಕಿಂತ ಇದ ಸೇರ್ತೈತಿ ಬರಕೊಡ್ತೀನಿ. ಅತ್ತ್ಯಾರಿಗೆ ಗಿಡದ ನೆಳ್ಳಾಗ ಚಾಪಿ ಹಾಸಿದ್ರ ಆತು, ಮೆಟ್ಲ ಇಲ್ಲ ಏನಿಲ್ಲ.

ಇನ್ನ ಸೀತನಿ. ಜನವರ್‍ಯಾಗ ಜ್ವಾಳದ ತೆನಿ ಹಾಲುಗಾಳು ಮುಗದು ಇನ್ನೂ ಗಟ್ಟಿ ಆಗಿರಂಗಿಲ್ಲ ನೋಡ್ರಿ, ಆ ಹತ್ತು ಹದಿನೈದು ದಿನ ಅಷ್ಟ. ನೆಲದಾಗ ಕುಣಿ ತೋಡಿ ಕುಳ್ಳು ಹಾಕಿ ಬೆಂಕಿ ಮಾಡಿ ಕೆಂಡದಾಗ ತೆನಿ ಸುಡ್ತಾರ. ಸುಟ್ಟದ್ದನ್ನ ಬಿಸಿ ಇದ್ದಾಗನ ಅಂಗೈಯಾಗ ತಿಕ್ಕಬೇಕ್ರಿ, ಕೈ ಚುರ್ ಅಂತೈತಿ, ಆರಿತು ಅಂದ್ರ ಕಾಳು ಉದರಂಗಿಲ್ಲ. ತಿಕ್ಕಿ, ಊದಿ ಹೊಟ್ಟು ಹಾರಿಸಿ, ಹಸರು ಕಾಳಿನಮ್ಯಾಲ ಶೇಂಗಾ ಹಿಂಡಿ, ಬೆಲ್ಲ, ಕೆನಿ ಮೊಸರು. ನಮ್ಮ ಮಾವ ತಿಕ್ಕಿ ತಿಕ್ಕಿ ಕೊಡ್ತಾರ, ನಾವು ತಿನ್ನೂದು, ಅವ್ರ ಕೈ ರೊಟ್ಟಿ ಹಂಚಿನಂಗ ಆಗ್ಯಾವ ಬಿಸಿ ಹತ್ತಂಗೇ ಇಲ್ಲ. ಸಿಟಿಯೊಳಗ ಮಾರ್ತಾರಲ್ಲ ಅದನ್ನ ತಗೋಬ್ಯಾಡ್ರಿ ಅನ್ನಂಗಿಲ್ಲ, ಮನಿಗಿ ಬರೂದ್ರಾಗ ತಣ್ಣಗಾಗಿ ರಬ್ಬರ್ ಆಗಿರ್ತೈತಿ ಅಷ್ಟ. ಮಾರ್ಕೆಟಿನ್ಯಾಗ ಸುಲಗಾಯಿ (ಹಸಿ ಕಡ್ಲಿ), ಬಾರಿಹಣ್ಣು, ಪೇರಲ ಧಾರಾಳ ತಗೋರಿ.

ಡ್ಯೂಟಿ ಮುಗಿಸಿ ಬಂದವ:
ಆಲಮಟ್ಟಿ ಯಾರೂ ಹೇಳ್ಲೇ ಇಲ್ಲಲ್ರೀ! ರೈಲಿಗಿ ಹೋಗಿ ಬರಬಹುದು, ಡ್ಯಾಮಿಂದು 26 ಗೇಟ್, ನೀರು ಬಿಟ್ಟಾಗ ನೋಡಬೇಕು ಮೈ ಝುಂ ಅಂತೈತಿ.

ಚಾಲುಕ್ಯರ ಮೊಮ್ಮಗ:
ಸಾಹೇಬ್ರ, ಗೇಟ್ ತಗ್ಯೂದು ಮಳೀಗಾಲದಾಗ, ಕೃಷ್ಣಾ ತುಂಬಿ ಬಂದಾಗ. ಡಿಸೆಂಬರ್‌ದಾಗ ಹೋಗಿ ಅಕ್ಕಾರು ಗೇಟ್ ನೋಡ್ಕೋತ ನಿಂದರ್ಲೇನು? ಚಳಿಗಾಲದಾಗ ಹೋಗೂದಿದ್ರ ಗಾರ್ಡನ್ನಿಗೆ ಹೋಗ್ರಿ, ಹುಡುಗಗ ರಾಕ್ ಗಾರ್ಡನ್ ಸೇರ್ತದ. ಹಕ್ಕಿ ಹುಚ್ಚು ಇದ್ರ ಹಿನ್ನೀರಿನ ಕಡೆ, ಬಾಗಲಕೋಟಿ ಬಾಜೂಕ, ಪಟ್ಟೆತಲಿ ಹೆಬ್ಬಾತು ದೂರದ ದೇಶದಿಂದ ಬರ್ತಾವ, ನೀರು ಇಳದಂಗ ಫ್ಲೆಮಿಂಗೋನೂ ಕಾಣ್ತಾವ. ಅಷ್ಟು ದೂರ ಆಗಂಗಿಲ್ಲ ಅಂದ್ರ ಸ್ಕೂಟರ್ ಮ್ಯಾಲ ನಸುಕಿನ್ಯಾಗ ಭೂತನಾಳ ಕೆರಿ.

ಡ್ಯೂಟಿ ಮುಗಿಸಿ ಬಂದವ:
ತಪ್ಪಾತ್ರೀ ಸರ, ನಾ ಹೋದದ್ದು ಆಗಸ್ಟಿನ್ಯಾಗ.

ಗಾಂಧಿಚೌಕ ಖಾಯಂ ಗಿರಾಕಿ:
ಜಾತ್ರಿ ಬಿಟ್ರಿ ಅಂದ್ರ ಎಲ್ಲ ಬಿಟ್ರಿ. ಸಂಕ್ರಮಣದ ಆಸುಪಾಸು ಸಿದ್ಧೇಶ್ವರ ಜಾತ್ರಿ, ಊರಿಗೂರ ಅದರಾಗ ಇರ್ತದ. ನಂದಿಕೋಲು ಮೆರವಣಿಗಿ ನೋಡ್ರಿ, ಆ ಉದ್ದನ್ನ ಕೋಲು ಸೊಂಟಕ್ಕ ಕಟ್ಟಿದ ಪಟ್ಟ್ಯಾಗ ಇಟ್ಕೊಂಡು ಒಬ್ಬನ ಹೊತ್ಕೊಂಡು ನಡೀಬೇಕು, ಬಾಜೂಕಿನವ್ರು ಬೀಳದಂಗ ನೋಡ್ಕೋತಿರ್ತಾರ. ಕಡಿಗಿ ಪಟಾಕಿ ಮದ್ದು ಸುಡ್ತಾರ, ಅದಕ್ಕ ಹುಡುಗನ್ನ ಹೆಗಲಮ್ಯಾಲ ಕುಂದ್ರಿಸ್ಕೊಳ್ಳೂ ತಯಾರಿ ಇರ್ಲಿ ಸಾಹೇಬ್ರಿಗೆ.

ತೊರವಿ ಕಡೆ ದನದ ಜಾತ್ರಿ ನಡೀತದ, ಊರಿಂದ ಭಾಳ ದೂರಿಲ್ಲ, ಮುಂಜಾನೇನ ಹೋಗ್ರಿ. ನಾ ಏನೂ ಎತ್ತು ಕೊಳ್ಳಾವಲ್ಲ, ಪ್ಯಾಂಟ್ ಹಾಕ್ಕೊಂಡು ಬ್ಯಾಂಕಿಗಿ ಹೋಗಾವ, ಆದ್ರೂ ವರ್ಷಾ ಹೋಗ್ತೀನಿ. ಬಿಳಿ ಕಿಲಾರಿ ಹೋರಿ ಸಾಲಾಗಿ ಕಟ್ಟಿರ್ತಾರ, ಕೋಡಿಗಿ ಬಣ್ಣ, ಕೊಳ್ಳಾಗ ಗೆಜ್ಜಿ, ಬಾಯಿಂದ ಹೊಗಿ ಬರ್ತಿರ್ತದ ಚಳಿಗಿ. ಕೊಳ್ಳಾವ ಬಾಯಿ ತಗಸಿ ಎರಡು ಹಲ್ಲೋ ನಾಕು ಹಲ್ಲೋ ನೋಡ್ತಾನ, ಬೆನ್ನಮ್ಯಾಲ ಕೈ ಆಡಸ್ತಾನ, ಹತ್ತು ಹೆಜ್ಜಿ ನಡಸಿ ನೋಡ್ತಾನ. ರೇಟಿನ ಮಾತು ಬಂತಂದ್ರ ಬಾಯಿ ಬಂದ್, ಇಬ್ರೂ ಟವೆಲ್ ಒಳಗ ಕೈ ಹಾಕಿ ಬೆರಳು ಹಿಡದು ವ್ಯಾಪಾರ. ಬಾಜೂಕ ನಿಂತ ನಮಗ ಬರೇ ಟವೆಲ್ ಅಳ್ಳಾಡೂದು ಕಾಣ್ತದ. ಒಂದ್ಸಲ ಅರ್ಧಾ ತಾಸು ನಿಂತು ನೋಡೀನಿ, ಕಡಿಗಿ ಒಬ್ಬ ಮುದುಕ "ನೀ ಯಾವ ಪಾರ್ಟಿಯವ?" ಅಂತ ನನ್ನ ದಲ್ಲಾಳಿ ಅಂತ ತಿಳದು ಕೇಳಿದ.

ಒಂದು ಎಚ್ಚರ ಹೇಳ್ತೀನಿ, ಜಾತ್ರಿ ದಿನಾ ಮೈಸೂರಿಂದ ಬಳಗ ಕರಸೂದಿದ್ರ ಲಾಡ್ಜ್ ಮೊದ್ಲ ನೋಡ್ರಿ. ನಮ್ಮ ಭಾವ ಫೋನಿನ್ಯಾಗ ಬುಕ್ ಮಾಡಿ ಬಂದ್ರ ಅಲ್ಲಿ "ರೂಮ್ ಇಲ್ಲ" ಅಂದ್ರು, ರಾತ್ರಿ ಹನ್ನೊಂದಕ್ಕ ನಮ್ಮ ಮನ್ಯಾಗ ಏಳು ಮಂದಿ ಒಂದ ಖೋಲ್ಯಾಗ ಮಲಗಿದ್ವಿ. ಆಟೋನೂ ಅಷ್ಟ, ಹತ್ತೂಕಿಂತ ಮೊದ್ಲ ಮಾತಾಡ್ರಿ.

ಓಡೂ ಹುಡುಗಿ:
ಡಿಸೆಂಬರ್‌ದಾಗ ವೃಕ್ಷಥಾನ್ ಹೆರಿಟೇಜ್ ರನ್ ಇರ್ತೈತಿ, ಗಿಡ ಹಚ್ಚೂ ಅಭಿಯಾನದ ಸಲುವಾಗಿ. ಸಾಹೇಬ್ರಿಗೆ ಹೊಟ್ಟಿ ಬಂದಿದ್ರ ಹೆಸರ ಹಚ್ಚಸ್ರಿ 😀 ನಸುಕಿನ್ಯಾಗ ಹಳೇ ಊರಾಗ ಟ್ರಾಫಿಕ್ ಇಲ್ಲದಾಗ ಓಡೂದು ಬ್ಯಾರೇನ ಮಜಾ.

ಮೈಸೂರಿಂದ ಬಂದವಳು:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಲೇಟಾಗಿ ಬರೀತಿದೀನಿ. ಗುಮ್ಮಟಕ್ಕೆ ಆರೂಮುಕ್ಕಾಲಿಗೆ ಹೋದ್ವಿ, ನಮ್ಮನ್ನ ಬಿಟ್ರೆ ಮೇಲೆ ಇದ್ದಿದ್ದು ವಾಕಿಂಗಿಗೆ ಬಂದ ಇಬ್ರು ಮಾತ್ರ. ಮಗ ಆ ಕಡೆ ಗೋಡೆಗೆ ನಿಂತು ಏನೋ ಗುಟ್ಟು ಹೇಳ್ತಾನೆ ಅಂತ ನಾನು ಕಿವಿಕೊಟ್ರೆ "ಅಮ್ಮಾ ಗಣಿತದಲ್ಲಿ ಹನ್ನೊಂದು ಬಂದಿದೆ, ಅಪ್ಪಂಗೆ ಹೇಳ್ಬೇಡ" ಅಂದ, ಅವರಪ್ಪ ನನ್ನ ಪಕ್ಕದಲ್ಲೇ ಗೋಡೆಗೆ ಕಿವಿ ಇಟ್ಟು ನಿಂತಿದ್ರು. ಅತ್ತೆ ಲಾನಲ್ಲಿ ಬಿಸಿಲಿಗೆ ಕೂತು ಇನ್ಯಾರದೋ ಅತ್ತೆ ಜೊತೆ ಸ್ನೇಹ ಮಾಡ್ಕೊಂಡು, ಬುಧವಾರ ಅವ್ರ ಮನೆಗೆ ಹೋಗಿ ಶೇಂಗಾ ಹಿಂಡಿ ತಂದಿದಾರೆ.

ಎಳ್ಳಮಾವಾಸ್ಯೆಗೆ ಇವ್ರ ಆಫೀಸಿನವರೊಬ್ರ ಹೊಲಕ್ಕೆ ಹೋಗಿದ್ವಿ. ನಾಚಿಕೆ ಬಿಟ್ಟು ಕೇಳಿದ್ದೇ ಸರಿಹೋಯ್ತು. ಮಗನಿಗೆ ಎರಡು ದಿನ ಗಂಟಲಿರ್ಲಿಲ್ಲ. ಭಜ್ಜಿ ಪಲ್ಯ ನಾನು ಮನೇಲಿ ಮಾಡಕ್ಕೆ ಹೋದೆ, ಅದು ಸೊಪ್ಪಿನ ಹುಳಿ ಆಯ್ತು. ತಿಕೋಟಾದವ್ರೇ, ಸೀತನಿ ಇನ್ನೂ ಇದ್ಯಾ, ಮುಗೀತಾ?

ತಿಕೋಟಾ ಸೊಸಿ:
ಇನ್ನ ಎಂಟು ದಿನ ಐತ್ರಿ ಅಕ್ಕಾ. ಐತವಾರ ಬರ್ರಿ, ಬಸ್‌ಸ್ಟ್ಯಾಂಡಿಗಿ ನಮ್ಮನಿಯವ್ರು ಬರ್ತಾರ. ಅತ್ತ್ಯಾರನ್ನೂ ಕರ್ಕೊಂಡ ಬರ್ರಿ, ಮೊಸರು ಮಾತ್ರ ತರಬ್ಯಾಡ್ರಿ, ನಮ್ಮ ಎಮ್ಮಿ ಸಿಟ್ಟಿಗೇಳ್ತಾವ.