ಆಕ್ಸಿಲರೇಟರ್ ಒತ್ತಿದರೆ ಪಟ್ ಪಟ್ ಶಬ್ದ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ, ಕಾಪುವಿನಿಂದ:
ನಮ್ಮದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು, 70 ಸಾವಿರ ಕಿ.ಮೀ. ದಾಟಿದೆ. ಮಳೆ ಹಿಡಿದ ಮೇಲೆ ಇಂದ್ರಾಳಿಯಿಂದ ಮಣಿಪಾಲಕ್ಕೆ ಏರುವಾಗ ಆಕ್ಸಿಲರೇಟರ್ ಒತ್ತಿದರೆ ಕೆಂಡಕ್ಕೆ ಹಾಕಿದ ಹಲಸಿನ ಬೀಜ ಸಿಡಿದಂತೆ ಶಬ್ದ ಬರುತ್ತದೆ, ಎಂಜಿನ್ ಎಳೆಯುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಹೋದರೆ ಏನೂ ಇಲ್ಲ. ಎಂಜಿನ್ ಲೈಟ್ ಆಗಾಗ ಮಿನುಗುತ್ತದೆ. ಒಂದು ಗ್ಯಾರೇಜಿನಲ್ಲಿ ಫ್ಯೂಯೆಲ್ ಪಂಪ್ ಬದಲಿಸಿ ಎಂದರು, ಇನ್ನೊಂದರಲ್ಲಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಂದರು. ಯಾರನ್ನು ನಂಬಲಿ?

ಸುರತ್ಕಲ್‌ನಿಂದ:
ಮಾರಾಯರೇ, ಪಂಪಿಗೆ ಈಗಲೇ ದುಡ್ಡು ಹಾಕಬೇಡಿ. ಲೈಟ್ ಮಿನುಗುತ್ತದೆ ಎಂದಿರಲ್ಲ, ಮುಖ್ಯ ಸುಳಿವು ಅದೇ. ಸುಮ್ಮನೆ ಹೊತ್ತಿಕೊಂಡಿರುವ ಲೈಟ್ ಬೇರೆ, ಮಿನುಗುವ ಲೈಟ್ ಬೇರೆ. ಮಿನುಗಿದರೆ ಸಾಮಾನ್ಯವಾಗಿ ಯಾವುದೋ ಸಿಲಿಂಡರಿನಲ್ಲಿ ಮಿಸ್‌ಫೈರ್ ಜೋರಾಗಿದೆ, ಅಂದರೆ ಪೆಟ್ರೋಲ್ ಸರಿಯಾಗಿ ಹೊತ್ತುತ್ತಿಲ್ಲ ಎಂದು ಅರ್ಥ. ಅಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಬಿಸಿ ಕೊಳವೆಯಲ್ಲಿ ಹೊತ್ತಿಕೊಳ್ಳುತ್ತದೆ. ಹಾಗೆಯೇ ಓಡಿಸುತ್ತಿದ್ದರೆ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅತಿಯಾಗಿ ಕಾದು ಒಳಗೆ ಕರಗಬಹುದು, ಅದರ ಬೆಲೆ ಕೇಳಿದರೆ ನಿದ್ದೆ ಬರುವುದಿಲ್ಲ. ಲೈಟ್ ಮಿನುಗಿದ ಕೂಡಲೇ ಕಾಲು ಸಡಿಲಿಸಿ. ಸರಿಯಾಗುವ ತನಕ ಆಗುಂಬೆ, ಚಾರ್ಮಾಡಿ ಘಾಟಿಗಳ ಕಡೆ ಹೋಗಲೇಬೇಡಿ.

ಏರಿನಲ್ಲಿ ಮಾತ್ರ ಯಾಕೆ? ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚುತ್ತದೆ. ಆಗ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಸವೆದು ಅಂತರ ಹೆಚ್ಚಾಗಿದ್ದರೆ, ಅಥವಾ ಪ್ಲಗ್ಗಿಗೆ ಆ ವೋಲ್ಟೇಜ್ ಕೊಡುವ ಕಾಯಿಲಿನ ರಬ್ಬರ್ ಬೂಟು ಬಿರುಕು ಬಿಟ್ಟಿದ್ದರೆ, ಸಮತಟ್ಟಿನಲ್ಲಿ ಹೇಗೋ ನಡೆಯುತ್ತದೆ, ಏರಿನಲ್ಲಿ ಕೈಕೊಡುತ್ತದೆ. ನಮ್ಮ ಮಳೆಗಾಲದ ತೇವ ಸೇರಿದರೆ ಕಿಡಿ ಆ ಬಿರುಕಿನಿಂದಲೇ ಪಕ್ಕದ ಲೋಹಕ್ಕೆ ಹಾರಿಬಿಡುತ್ತದೆ.

ಮೊದಲು ಸ್ಕ್ಯಾನರ್ ಹಾಕಿಸಿ, ಕಾರಿನ ಕಂಪ್ಯೂಟರ್ ತೋರಿಸುವ ದೋಷದ ಕೋಡ್ ಬರೆದುಕೊಳ್ಳಿ. ಪಿ0301ರಿಂದ ಪಿ0304ರ ತನಕ ಬಂದರೆ ಕೊನೆಯ ಅಂಕಿಯೇ ಸಿಲಿಂಡರಿನ ಸಂಖ್ಯೆ. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಕಾರಾದರೆ, ಎಂಜಿನ್ ತಣಿದ ಮೇಲೆ ಆ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಹಾಕಿಸಿ, ಕೋಡ್ ಅಳಿಸಿ, ಮತ್ತೆ ಓಡಿಸಿ ನೋಡಿ. ಕೋಡ್ ಕಾಯಿಲಿನ ಜೊತೆಗೇ ಹೋದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಪ್ಲಗ್, ಆಮೇಲೆ ಇಂಜೆಕ್ಟರ್. ಇದಕ್ಕೆ ಬಿಡಿಭಾಗದ ಖರ್ಚೇ ಇಲ್ಲ. ಇಷ್ಟನ್ನೂ ಮಾಡದೆ ಪಂಪ್ ಎನ್ನುವವರ ಮಾತಿನ ಮೇಲೆ ನನಗೆ ವಿಶ್ವಾಸವಿಲ್ಲ. ಕಾಯಿಲ್ ತೆಗೆದಾಗ ಪ್ಲಗ್ ಕೂರುವ ಗುಂಡಿಯೊಳಗೆ ಟಾರ್ಚ್ ಹಾಕಿ ನೋಡಿಸಿ. ನೀರಿದ್ದರೆ ಮೇಲಿನಿಂದ ಇಳಿದದ್ದು, ಎಣ್ಣೆಯಿದ್ದರೆ ಟ್ಯಾಪೆಟ್ ಕವರ್ (ಎಂಜಿನ್ ಮೇಲಿನ ಮುಚ್ಚಳ) ಬದಿಯ ಸೀಲ್ ಹೋಗಿದೆ.

ಬಿಜೈಯಿಂದ:
ಪಿ0171 ಬಂದರೆ ಬೇರೆ ದಾರಿ: ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅದರ ಅರ್ಥ. ಪಂಪಿನ ಒತ್ತಡ ಅಳೆಸಬೇಕಾದದ್ದು ಆಗ. ಆದರೆ ಅದಕ್ಕೂ ಮೊದಲು ಬಾನೆಟ್ ಎತ್ತಿ ಸಣ್ಣ ರಬ್ಬರ್ ಪೈಪುಗಳನ್ನು ಒಂದೊಂದಾಗಿ ನೋಡಿ. ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿನ ಎಂಜಿನ್ ಹುಡುಕಿಕೊಂಡು ಬರುತ್ತವೆ, ನಮ್ಮ ಕಾರಿನ ವ್ಯಾಕ್ಯೂಮ್ ಪೈಪನ್ನು ಕಡಿದಿದ್ದವು, ಆ ತೂತಿನಿಂದ ಹೆಚ್ಚಿನ ಗಾಳಿ ಎಂಜಿನ್ ಒಳಗೆ ಹೋಗುತ್ತಿತ್ತು. ಶಬ್ದ ಹಿಂದಿನಿಂದಲ್ಲ, ಬಾನೆಟ್ ಒಳಗಿನಿಂದ ಬರುತ್ತಿತ್ತು. ನಿಮ್ಮದು ಎಲ್ಲಿಂದ ಬರುತ್ತದೆ ಎಂದು ಹಿಂದಿನ ಸೀಟಿನಲ್ಲಿ ಯಾರನ್ನಾದರೂ ಕೂರಿಸಿ ಕೇಳಿಸಿಕೊಳ್ಳಿ.

ಮಲ್ಪೆಯಿಂದ:
ಕಡಲ ಬದಿಯವರು ಸೈಲೆನ್ಸರನ್ನು ಮರೆಯಬಾರದು. ಉಪ್ಪು ಗಾಳಿಗೆ ಕೊಳವೆಯ ಜೋಡಣೆಗಳು ತುಕ್ಕು ಹಿಡಿದು ತೂತಾಗುತ್ತವೆ. ಆದರೆ ಸೋರಿಕೆಯಿಂದ ಬರುವ ಶಬ್ದ ತಣ್ಣನೆಯ ಎಂಜಿನ್ ಚಾಲೂ ಮಾಡಿದಾಗಲೇ ಕೇಳುತ್ತದೆ, ಕಾದ ಮೇಲೆ ಎಷ್ಟೋ ಸಲ ಕಡಿಮೆಯಾಗುತ್ತದೆ. ಪರೀಕ್ಷೆ ಸುಲಭ: ಬೆಳಿಗ್ಗೆ ತೆರೆದ ಜಾಗದಲ್ಲಿ ಎಂಜಿನ್ ಚಾಲೂ ಮಾಡಿ, ದಪ್ಪ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ಒಂದೆರಡು ಕ್ಷಣ ಒತ್ತಿಹಿಡಿದರೆ ಸೋರುವ ಜಾಗದಲ್ಲಿ ಬುಸ್ ಎನ್ನುತ್ತದೆ. ಕಾರಿನೊಳಗೆ ಹೊಗೆಯ ವಾಸನೆ ಬಂದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ, ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ.

ಕಂಕನಾಡಿಯಿಂದ:
ನನ್ನದು ಸಿಎನ್‌ಜಿ ಟ್ಯಾಕ್ಸಿ. ಗ್ಯಾಸಿನಲ್ಲಿ ಸಿಡಿದು ಪೆಟ್ರೋಲಿನಲ್ಲಿ ಸರಿಯಿದ್ದರೆ ಮೊದಲು ಪ್ಲಗ್ ನೋಡಿ. ಗ್ಯಾಸ್ ಹೊತ್ತಲು ಹೆಚ್ಚು ಬಲದ ಕಿಡಿ ಬೇಕು. ಇನ್ನೊಂದು, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಒತ್ತಿದಾಗ ಮಾತ್ರ ಕಟ ಕಟ ಎಂದರೆ ಅದು ಎಂಜಿನ್ ಅಲ್ಲ, ಡ್ರೈವ್ ಶಾಫ್ಟಿನ ಜಾಯಿಂಟ್.

ಕಾಪುವಿನಿಂದ ಮತ್ತೆ:
ಎಲ್ಲರಿಗೂ ತುಂಬಾ ಧನ್ಯವಾದ. ಕೋಡ್ ಪಿ0302 ಇತ್ತು. ಕಾಯಿಲನ್ನು ಮೂರನೆಯದಕ್ಕೆ ಹಾಕಿಸಿದಾಗ ಪಿ0303 ಬಂತು! ಬೂಟು ಸೀಳಿತ್ತು, ಗುಂಡಿಯಲ್ಲಿ ನೀರಿತ್ತು. ಒಂದು ಕಾಯಿಲ್ ಮತ್ತು ನಾಲ್ಕೂ ಪ್ಲಗ್ ಬದಲಿಸಿದೆವು, ಪಂಪ್ ಮುಟ್ಟಲಿಲ್ಲ. ಮಣಿಪಾಲದ ಏರನ್ನು ಮೂರನೇ ಗೇರಿನಲ್ಲಿ ಸಲೀಸಾಗಿ ಹತ್ತಿತು. ಬೆಳಿಗ್ಗೆ ಚಾಲೂ ಮಾಡಿದಾಗ ಸಣ್ಣ ಟಿಕ್ ಟಿಕ್ ಇನ್ನೂ ಇದೆ, ಮಲ್ಪೆಯವರ ಬಟ್ಟೆಯ ಪರೀಕ್ಷೆ ಮಾಡಿಸುತ್ತೇನೆ.

ಸುರತ್ಕಲ್‌ನಿಂದ:
ಸಂತೋಷ. ನೀರು ಬಂದದ್ದೆಲ್ಲಿಂದ ಎಂದೂ ನೋಡಿ. ಮರದಡಿ ನಿಲ್ಲಿಸುವ ಕಾರುಗಳಲ್ಲಿ ವೈಪರ್ ಕೆಳಗಿನ ಜಾಲರಿಗೆ ಎಲೆ ಕಟ್ಟಿಕೊಂಡು ಮಳೆನೀರು ಎಂಜಿನ್ ಮೇಲೆ ಇಳಿಯುವುದುಂಟು. ಅದನ್ನು ತೆಗೆಯದಿದ್ದರೆ ಹೊಸ ಕಾಯಿಲೂ ನೆನೆಯುತ್ತದೆ. ಸರ್ವಿಸಿನಲ್ಲಿ ಎಂಜಿನ್ ಮೇಲೆ ಜೋರಾಗಿ ನೀರು ಹೊಡೆಯುವುದು ಬೇಡ ಎಂದು ಮೊದಲೇ ಹೇಳಿಬಿಡಿ.