ಟೇಬಲ್ ಸಾ ಬ್ಲೇಡ್ ಮೊಂಡಾಗಿದೆ ಅಂತ ಗೊತ್ತಾಗೋದು ಹೇಗೆ?

ಹೊಸಬಡಗಿ:
10 ಇಂಚಿನ ಟೇಬಲ್ ಸಾ, 60 ಹಲ್ಲಿನ ಟಿಸಿಟಿ ಬ್ಲೇಡ್ (ಹಲ್ಲಿನ ತುದಿಗೆ ಗಟ್ಟಿ ಕಾರ್ಬೈಡ್ ತುಣುಕು ಬೆಸೆದದ್ದು). 18 ಎಂಎಂ ಪ್ಲೈವುಡ್, ಮೈಕಾ ಅಂಟಿಸಿದ ಹಲಗೆ, ನಡುನಡುವೆ ತೇಗದ ಪಟ್ಟಿ ಕೊಯ್ಯೋ ಕೆಲಸ. ಈಗ ತೇಗ ಕೊಯ್ದಲ್ಲಿ ಕಪ್ಪಗೆ ಸುಟ್ಟ ಗುರುತು ಬೀಳ್ತಿದೆ, ಪ್ಲೈವುಡ್ಡಿನ ಅಡಿಮುಖದಲ್ಲಿ ಸಿಬಿರು ಏಳ್ತಿದೆ. ಹಲ್ಲು ಮುಟ್ಟಿದರೆ ಚುಚ್ಚುತ್ತೆ, ಹಾಗಾಗಿ ಹರಿತ ಇದೆ ಅನ್ಸುತ್ತೆ. ಸಾಣೆಗೆ ಕೊಡಬೇಕಾ, ಹೊಸದು ತರಬೇಕಾ?

ಹಲಸಿನಹಲಗೆ:
ಚುಚ್ಚೋದನ್ನ ನಂಬಬೇಡಿ ಸರ್, ಮೊಂಡು ಹಲ್ಲೂ ಚುಚ್ಚುತ್ತೆ. ಹಾಗಂತ ಸುಟ್ಟ ಗುರುತು ನೋಡಿಯೇ ಬ್ಲೇಡ್ ಹೋಯ್ತು ಅನ್ನೋಕೂ ಆಗಲ್ಲ. ಪ್ಲೈವುಡ್ಡಿನ ಅಂಟು, ಮರದ ರಾಳ ಹಲ್ಲಿನ ಪಕ್ಕಕ್ಕೆ ಕಂದು ಪದರವಾಗಿ ಹಿಡಿದರೆ ಹರಿತ ಬ್ಲೇಡೂ ಉಜ್ಜಿ ಸುಡುತ್ತೆ. ಮೊದಲು ಅದನ್ನ ತೆಗೀರಿ.

ಪ್ಲಗ್ ಕಿತ್ತು ಬ್ಲೇಡ್ ಬಿಚ್ಚಿ. ಅಗಲವಾದ ತಟ್ಟೆಯಲ್ಲಿ ಬಿಸಿನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ 15-20 ನಿಮಿಷ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಕಾಸ್ಟಿಕ್ ಸೋಡಾ ಬೇಡ. ಸ್ಕ್ರೂಡ್ರೈವರಿನಿಂದ ಕೆರೆಯಲೂ ಬೇಡಿ. ಕಾರ್ಬೈಡ್ ಗಟ್ಟಿ, ಆದರೆ ಪೆಟ್ಟು ತಡೆಯಲ್ಲ, ಚಿಟ್ಟಂತ ಮೂಲೆ ಹಾರುತ್ತೆ. ತೊಳೆದ ಕೂಡಲೇ ಒರೆಸಿ, ಇಲ್ಲದಿದ್ದರೆ ತುಕ್ಕು.

ಈಗ ಭೂತಗನ್ನಡಿ, ಟಾರ್ಚ್ ತಗೊಳ್ಳಿ. ಹಲ್ಲಿನ ಮುಂಭಾಗ ಮತ್ತು ನೆತ್ತಿ ಸೇರೋ ಅಂಚಿಗೆ ಬೆಳಕು ಬಿಡಿ. ಹರಿತ ಅಂಚಿಗೆ ಅಗಲವೇ ಇಲ್ಲ, ಹಾಗಾಗಿ ಬೆಳಕು ಹೊಳೆಯಲ್ಲ. ಸವೆದು ದುಂಡಗಾಗಿದ್ದರೆ ಅಂಚಿನುದ್ದಕ್ಕೂ ಬೆಳ್ಳಗೆ ಗೆರೆ ಮಿಂಚುತ್ತೆ. ಎಡಕ್ಕೊಂದು ಬಲಕ್ಕೊಂದು ಇಳಿಜಾರಾಗಿರೋ ಹಲ್ಲುಗಳಲ್ಲಿ ಚೂಪು ಮೂಲೆಯೇ ಮೊದಲು ಸವೆಯೋದು. ಪ್ಲೈವುಡ್, ಮೈಕಾದ ಪದರ ಸೀಳದಂತೆ ಕತ್ತರಿಸೋದು ಅದೇ ಮೂಲೆ. ಆದ್ದರಿಂದ ಅಡಿಮುಖದ ಸಿಬಿರು ಬರಬರುತ್ತಾ ಜಾಸ್ತಿಯಾಗಿದ್ರೆ ಸುಟ್ಟ ಗುರುತಿಗಿಂತ ಅದನ್ನೇ ಹೆಚ್ಚು ನಂಬಿ.

ಓಡಿಸುವಾಗಲೂ ತಿಳಿಯುತ್ತೆ: ಮೊದಲಿಗಿಂತ ಜೋರಾಗಿ ತಳ್ಳಬೇಕು, ಮೋಟಾರ್ ಸದ್ದು ತಗ್ಗುತ್ತೆ, ಗಟ್ಟಿಮರದ ಹೊಟ್ಟು ಚಕ್ಕೆಯಂತೆ ಬರೋ ಬದಲು ಹಿಟ್ಟಿನಂತೆ ಬರುತ್ತೆ. ಜೋರಾಗಿ ತಳ್ಳೋ ಹಂತ ಬಂದರೆ ಕೆಲಸ ನಿಲ್ಲಿಸಿ. ಕೈ ಜಾರೋದು, ಹಲಗೆ ಹಿಂದಕ್ಕೆ ನಮ್ಮ ಕಡೆಗೇ ಹಾರೋದು ಆಗಲೇ.

ಗರಗಸಪ್ರಿಯ:
ತೊಳೆದ ಮೇಲೂ ಸುಟ್ಟರೆ ಫೆನ್ಸ್ (ಹಲಗೆಯನ್ನ ಒತ್ತಿ ನೇರವಾಗಿ ತಳ್ಳೋ ಪಕ್ಕದ ಪಟ್ಟಿ) ಬ್ಲೇಡಿಗೆ ನೇರ ಇದೆಯಾ ಅಳೀರಿ. ಒಂದು ಹಲ್ಲಿಗೆ ಗುರುತು ಹಾಕಿ, ಅದು ಮುಂದಿದ್ದಾಗ ಫೆನ್ಸಿಗೆ ಎಷ್ಟು ದೂರ, ಬ್ಲೇಡ್ ತಿರುಗಿಸಿ ಹಿಂದೆ ತಂದಾಗ ಎಷ್ಟು ದೂರ ನೋಡಿ. ಹಿಂದೆ ಕಡಿಮೆ ಇದ್ದರೆ ಮರ ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿ ಉಜ್ಜುತ್ತೆ. ಕೊಯ್ದ ಜಾಗದ ಒಂದೇ ಪಕ್ಕ ಸುಟ್ಟಿದ್ದರೆ ನನ್ನ ಅನುಮಾನ ಮೊದಲು ಫೆನ್ಸಿನ ಮೇಲೆ.

ಇನ್ನೊಂದು, ದಪ್ಪ ತೇಗವನ್ನ ಉದ್ದಕ್ಕೆ ಸೀಳೋಕೆ 60 ಹಲ್ಲು ಜಾಸ್ತಿ. ಹಲ್ಲಿನ ಸಂದಿಯಲ್ಲಿ ಹೊಟ್ಟು ತುಂಬಿ ಕಾವೇರುತ್ತೆ. ಸೀಳೋಕೆ 24-30 ಹಲ್ಲಿನದು ಬೇರೆ ಇಟ್ಕೊಳ್ಳಿ, 60ರದ್ದು ಪ್ಲೈವುಡ್ಡಿಗೆ ಇರಲಿ. ನಡುವೆ ಕೈ ನಿಲ್ಲಿಸಿದ ಕಡೆ ಮಾತ್ರ ಕಪ್ಪಾಗಿದ್ದರೆ ತಪ್ಪು ಬ್ಲೇಡಿನದ್ದಲ್ಲ.

ಹೊಸಬಡಗಿ:
ತೊಳೆದು ನೋಡಿದೆ ಸರ್. ಬಿಳಿ ಗೆರೆ ಬಹುತೇಕ ಎಲ್ಲ ಹಲ್ಲಲ್ಲೂ ಇದೆ. ಒಂದು ಹಲ್ಲಿನ ಮೂಲೆಯೂ ಹಾರಿದೆ. ಅರದಲ್ಲಿ ಉಜ್ಜಿದರೆ ಆಗುತ್ತಾ?

ಹಲಸಿನಹಲಗೆ:
ಮಾಮೂಲಿ ಅರ ಕಾರ್ಬೈಡಿಗೆ ಹಿಡಿಯೋದೇ ಇಲ್ಲ. ಕೈಯಲ್ಲಿ ಡೈಮಂಡ್ ಅರ ಹಿಡಿದರೆ ಎಲ್ಲ ಹಲ್ಲಿಗೂ ಒಂದೇ ಕೋನ, ಒಂದೇ ಎತ್ತರ ಉಳಿಯಲ್ಲ. ಆಮೇಲೆ ಎತ್ತರದ ಹಲ್ಲುಗಳೇ ಕೆಲಸ ಮಾಡಿ ಬೇಗ ಸವೆಯುತ್ತೆ. ಡೈಮಂಡ್ ವೀಲ್ ಇರೋ ಮೆಷಿನ್ನಿನವರಿಗೇ ಕೊಡಿ. ಕೊಡೋ ಮೊದಲು ಕಾರ್ಬೈಡ್ ತುಣುಕು ಎಷ್ಟು ಉಳಿದಿದೆ ನೋಡಿ. ದಪ್ಪ ಇದ್ದರೆ ಸಾಣೆ ಲಾಭ, ತೆಳ್ಳಗಾಗಿದ್ದರೆ ಹೊಸ ಬ್ಲೇಡೇ ಸರಿ. ಹಾರಿದ ಮೂಲೆಯ ಹಲ್ಲನ್ನ ಅವರಿಗೆ ತೋರಿಸಿ, ಆ ತುಣುಕು ಬದಲಿಸಿ ಬೆಸುಗೆ ಹಾಕಿಸಬಹುದು. ಬ್ಲೇಡಿನ ತಟ್ಟೆಯಲ್ಲೇ ಬಿರುಕು ಕಂಡರೆ ಮಾತ್ರ ಸಾಣೆಯೂ ಬೇಡ, ಬೆಸುಗೆಯೂ ಬೇಡ, ಎಸೆದುಬಿಡಿ.